ಊರೊಳಗೆ ಚಿಕ್ಕ ಮನೆಯೋ, ಊರಾಚೆ ದೊಡ್ಡ ಮನೆಯೋ?

ಪ್ರಶ್ನೆ: ಮನೆಯಲ್ಲಿ ನಾವು ನಾಲ್ಕು ಜನ. ನಾನು, ನನ್ನ ಹೆಂಡತಿ, 8 ವರ್ಷದ ಮಗಳು, 70 ದಾಟಿದ ಅಪ್ಪ. ದೊಡ್ಡ ನಗರದ ನಡುವೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಅದೇ ದುಡ್ಡಿಗೆ ಹೊರವಲಯದಲ್ಲಿ ಇದರ ಎರಡರಷ್ಟು ದೊಡ್ಡ ಮನೆ ಸಿಗುತ್ತೆ. ಗಾಳಿ, ಬೆಳಕು ಚೆನ್ನಾಗಿದೆ. ಆದರೆ ಆಫೀಸು ದೂರ ಆಗುತ್ತೆ. ಇದ್ದಲ್ಲೇ ಇರೋದಾ, ಹೋಗೋದಾ?

ಉತ್ತರ: ಈ ವಿಷಯ ಬಂದಾಗ ಎಲ್ಲರೂ ಬಾಡಿಗೆ, ಚದರಡಿ, ಆಫೀಸಿನ ದೂರ ಇಷ್ಟನ್ನೇ ಲೆಕ್ಕ ಹಾಕುತ್ತಾರೆ. ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಗಾಡಿ ಓಡಿಸದವರು ಯಾರು? ನೀವು ಬರೆದದ್ದು ನೋಡಿದರೆ ಬಹುಶಃ ಮಗಳು, ಅಪ್ಪ. ಹೊಸ ಜಾಗದಲ್ಲಿ ಈ ಇಬ್ಬರ ದಿನ ಹೇಗೆ ಕಳೆಯುತ್ತೆ ಅನ್ನೋದರ ಮೇಲೆಯೇ ನನ್ನ ಉತ್ತರ ನಿಂತಿದೆ. ಅಲ್ಲಿಗೆ ಬರುವ ಮೊದಲು ನಿಮ್ಮ ಲೆಕ್ಕವನ್ನೂ ಒಮ್ಮೆ ಸರಿಯಾಗಿ ಮಾಡಿಬಿಡೋಣ.

ಹೊರವಲಯದ ಮನೆ ಸುಮ್ನೆ ಅಗ್ಗವಾಗಿರೋದಿಲ್ಲ. ನಗರದ ನಡುವಿನಿಂದ ದೂರ ಹೋದಷ್ಟೂ ನೆಲದ ಬೆಲೆ ಇಳಿಯುತ್ತದೆ, ಹೋಗಿಬರುವ ಖರ್ಚು ಏರುತ್ತದೆ. ಇವೆರಡೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ ಎಂಬುದನ್ನು ವಿಲಿಯಂ ಅಲೊನ್ಸೊ ಎಂಬ ಅರ್ಥಶಾಸ್ತ್ರಜ್ಞ 1964ರಲ್ಲೇ ವಿವರಿಸಿದ್ದರು. ಅಂದರೆ ಬಾಡಿಗೆಯಲ್ಲಿ ಉಳಿಸಿದ್ದನ್ನು ರಸ್ತೆಯಲ್ಲಿ ತೆರುತ್ತೀರಿ. ಸ್ವಲ್ಪ ಪೆಟ್ರೋಲಿಗೆ ಹೋಗುತ್ತದೆ. ಜಾಸ್ತಿ ಹೋಗೋದು ಸಮಯ.

ಎಷ್ಟು ಸಮಯ? ಒಂದು ಕಡೆಗೆ 75 ನಿಮಿಷ ಹಿಡಿಯುತ್ತೆ ಅಂದುಕೊಳ್ಳಿ. ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ 240 ದಿನ ಕೆಲಸ ಅಂದರೆ 600 ಗಂಟೆ. ಈಗಿನ ಮನೆಯಿಂದ 25 ನಿಮಿಷದಲ್ಲಿ ತಲುಪುತ್ತಿದ್ದರೆ ವರ್ಷಕ್ಕೆ 200 ಗಂಟೆ. ವ್ಯತ್ಯಾಸ 400 ಗಂಟೆ. ದಿನಕ್ಕೆ 8 ಗಂಟೆಯಂತೆ ಹಿಡಿದರೆ 50 ದಿನದ ಕೆಲಸ. ಅಷ್ಟೂ ಹೊತ್ತು ಸ್ಟಿಯರಿಂಗ್ ಹಿಡಿದೋ, ಬಸ್ಸಿನ ಕಂಬಿ ಹಿಡಿದೋ ಕಳೆಯಬೇಕು. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಇದನ್ನು ಎರಡರಿಂದ ಗುಣಿಸಿ.

ಹೊಸ ಮನೆಯ ಸುಖ ಇದನ್ನು ಸರಿದೂಗಿಸುತ್ತೆ ಅಲ್ವಾ ಅಂತ ನೀವು ಕೇಳಬಹುದು. ಜೂರಿಕ್ ವಿಶ್ವವಿದ್ಯಾಲಯದ ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಇದನ್ನೇ ಜರ್ಮನಿಯ ಸಾವಿರಾರು ಮನೆಗಳ ಮಾಹಿತಿ ಇಟ್ಟುಕೊಂಡು ಪರೀಕ್ಷಿಸಿದರು. ದೂರ ಹೋಗಿಬರುವವರಿಗೆ ಒಳ್ಳೆಯ ಮನೆಯೋ ಒಳ್ಳೆಯ ಸಂಬಳವೋ ಸಿಕ್ಕಿರಬೇಕು, ಹಾಗಾಗಿ ಅವರ ನೆಮ್ಮದಿ ಉಳಿದವರಷ್ಟೇ ಇರಬೇಕು ಅನ್ನೋದು ಅರ್ಥಶಾಸ್ತ್ರದ ತರ್ಕ. ಹಾಗೆ ಆಗಿರಲಿಲ್ಲ. ಪ್ರಯಾಣ ಉದ್ದವಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಅದಕ್ಕೆ ಕಾರಣ ನನಗೆ ಕಾಣುವುದು ಹೀಗೆ. ದೊಡ್ಡ ಹಾಲ್ ಎರಡು ತಿಂಗಳಲ್ಲಿ ಕಣ್ಣಿಗೆ ಒಗ್ಗಿಹೋಗುತ್ತದೆ, ಆಮೇಲೆ ಅದು ಕಾಣುವುದೇ ಇಲ್ಲ. ಟ್ರಾಫಿಕ್ ಮಾತ್ರ ಒಗ್ಗುವುದಿಲ್ಲ, ಯಾಕಂದ್ರೆ ಅದು ದಿನಕ್ಕೊಂದು ಥರ.

"ಇನ್ನು ಎರಡು ವರ್ಷದಲ್ಲಿ ರಸ್ತೆ ಅಗಲ ಆಗುತ್ತೆ, ಆಮೇಲೆ ಅರ್ಧ ಗಂಟೆ ಅಷ್ಟೇ" ಅಂತ ಮನೆ ತೋರಿಸುವವರು ಹೇಳೇ ಹೇಳುತ್ತಾರೆ. ಇದನ್ನು ನಂಬಿ ಮನೆ ಮಾಡಬೇಡಿ. ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದು ನೋಡಿದಾಗ, ಹೆದ್ದಾರಿ ಎಷ್ಟು ಹೆಚ್ಚಾಯಿತೋ ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಹೆಚ್ಚಾಗಿತ್ತು. ರಸ್ತೆ ಖಾಲಿಯಾದರೆ ಅದನ್ನು ನೋಡಿಯೇ ಇನ್ನಷ್ಟು ಜನ ಅತ್ತ ಮನೆ ಮಾಡುತ್ತಾರೆ, ಇನ್ನಷ್ಟು ಗಾಡಿ ಇಳಿಯುತ್ತವೆ. ನಗರಗಳು ಬೆಳೆದದ್ದೇ ಹೀಗೆ. ಮನುಷ್ಯ ದಿನಕ್ಕೆ ಸುಮಾರು 1 ಗಂಟೆ ಓಡಾಟಕ್ಕೆ ಎತ್ತಿಡುತ್ತಾನೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಗಂಟೆಗೆ 5 ಕಿ.ಮೀ. ನಡೆಯುವ ಕಾಲದಲ್ಲಿ ಊರು ಈ ತುದಿಯಿಂದ ಆ ತುದಿಗೆ 5 ಕಿ.ಮೀ. ದಾಟುತ್ತಿರಲಿಲ್ಲ. ಆಮೇಲೆ ಕುದುರೆ ಎಳೆಯುವ ಟ್ರಾಮ್ ಬಂತು. 1863ರಲ್ಲಿ ಲಂಡನ್ನಿನಲ್ಲಿ ನೆಲದಡಿಯ ರೈಲು ಓಡಿತು. ಕಾರು ಬಂತು. ಪ್ರತಿ ಸಲವೂ ವೇಗ ಹೆಚ್ಚಾಯಿತು, ಜನ ಉಳಿದ ಸಮಯವನ್ನು ಉಳಿಸಿಕೊಳ್ಳಲಿಲ್ಲ, ಇನ್ನೂ ದೂರ ಹೋಗಿ ನೆಲೆಸಿದರು. ಹಾಗಾಗಿ ಇವತ್ತು ಎಷ್ಟು ಹೊತ್ತು ಹಿಡಿಯುತ್ತೋ ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ನಗರದ ಪರ ಅಂದುಕೊಳ್ಳಬೇಡಿ. ನಗರದ ನಡುವಿನ ಮನೆಯಲ್ಲಿ ರಾತ್ರಿ ಕಿಟಕಿ ತೆರೆದು ಮಲಗುವ ಹಾಗಿಲ್ಲ ಅನ್ನೋದು ಸಣ್ಣ ಕಷ್ಟ ಅಲ್ಲ. ಕಾಂಕ್ರೀಟು, ಡಾಂಬರು ಹಗಲೆಲ್ಲ ಬಿಸಿಲು ಹೀರಿ ರಾತ್ರಿ ಅದನ್ನು ಬಿಡುತ್ತವೆ. ತಂಪು ಕೊಡುವ ಮರ, ಮಣ್ಣು ಅಲ್ಲಿ ಕಮ್ಮಿ. ಲಂಡನ್ನಿನ ರಾತ್ರಿಗಳು ಸುತ್ತಲ ಹಳ್ಳಿಗಾಡಿಗಿಂತ ಬೆಚ್ಚಗಿರುತ್ತವೆ ಎಂದು ಲ್ಯೂಕ್ ಹೋವರ್ಡ್ ಅಳೆದು ಬರೆದದ್ದು 1820ರ ಹೊತ್ತಿಗೇ. ಸದ್ದಿನ ಕಥೆಯೂ ಅಷ್ಟೇ. ರಸ್ತೆಯ ಸದ್ದು ಇಡೀ ದಿನದ ಸರಾಸರಿಯಲ್ಲಿ 53 ಡೆಸಿಬಲ್‌ಗಿಂತ, ರಾತ್ರಿ ಹೊತ್ತು 45 ಡೆಸಿಬಲ್‌ಗಿಂತ ಕೆಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯೂರೋಪಿಗಾಗಿ ಮಾಡಿದ ಮಾರ್ಗಸೂಚಿ ಹೇಳುತ್ತದೆ. ದೊಡ್ಡ ರಸ್ತೆಗೆ ಮುಖ ಮಾಡಿದ ಮನೆಯಲ್ಲಿ ಇದು ಕನಸು. ನಿಮ್ಮಪ್ಪನಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಮಗಳಿಗೆ ಉಸಿರಾಟದ ತೊಂದರೆ ಇದೆ ಅಂದರೆ ಹೊರಗಿನ ಗಾಳಿ, ಮೌನ ಇವಕ್ಕೆ ನಾನೂ ತುಂಬಾ ಬೆಲೆ ಕೊಡುತ್ತೇನೆ. ಓದಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೆಳೆಯುವ ಹುಡುಗಿಗೆ ಬೇಕು, ಅದೂ ನಿಜ.

ಈಗ ನನ್ನ ಮಾತಿಗೆ ಬರುತ್ತೇನೆ. ನಾವೂ ಒಮ್ಮೆ ಹೀಗೇ ಹೊರಗೆ ಹೋಗಿದ್ದೆವು. ಹಳೇ ಮನೆ ಇಕ್ಕಟ್ಟು, ಒಬ್ಬರು ಮಂಚದಿಂದ ಇಳಿದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಿತ್ತು. ಆದರೂ ಅಮ್ಮ ದಿನಕ್ಕೆ ಮೂರು ಸಲ ಹೊರಗೆ ಹೋಗುತ್ತಿದ್ದಳು. ಔಷಧಿ ಅಂಗಡಿಗೆ, ಲೈಬ್ರರಿಗೆ, ಕೆಲವು ಸಲ ಸುಮ್ನೆ ರಸ್ತೆಯ ತಿರುವಿನ ತನಕ. ಹೊಸ ಮನೆಯಲ್ಲಿ ಅಮ್ಮನಿಗೇ ಬೇರೆ ಕೋಣೆ ಇತ್ತು, ಹೊರಗೆ ಕೂರಲು ಜಗಲಿ ಇತ್ತು. ಮೊದಲ ವಾರ ಖುಷಿಯಿಂದಲೇ ಇದ್ದಳು. ಆದರೆ ಹತ್ತಿರದ ಅಂಗಡಿ ಎರಡು ಕಿಲೋಮೀಟರ್ ದೂರ. ನಡುವೆ ದೊಡ್ಡ ರಸ್ತೆ, ಅದಕ್ಕೆ ಫುಟ್‌ಪಾತ್ ಇರಲಿಲ್ಲ. ಮನೆ ಮಾರಿದವರು ಆರು ತಿಂಗಳಲ್ಲಿ ಬರುತ್ತೆ ಅಂದಿದ್ದ ಬಸ್ಸು ಬರಲೇ ಇಲ್ಲ. ಅಮ್ಮ ಮಧ್ಯಾಹ್ನ ಫೋನ್ ಮಾಡಲು ಶುರು ಮಾಡಿದಳು. "ಇವತ್ತು ಎಷ್ಟೊತ್ತಿಗೆ ಬರ್ತೀಯಾ?" ಕೆಲಸ ಏನೂ ಇರುತ್ತಿರಲಿಲ್ಲ.

ಒಂದು ಭಾನುವಾರ ಮನೆ ಗುಡಿಸುವಾಗ ಬಾಗಿಲ ಪಕ್ಕ ಅವಳ ಚಪ್ಪಲಿ ಕೈಗೆ ಸಿಕ್ಕಿತು. ಹಳೇ ಮನೆಯಲ್ಲಿ ಆ ಚಪ್ಪಲಿಯ ಅಡಿ ಸದಾ ಮಣ್ಣಾಗಿರುತ್ತಿತ್ತು, ಎಡಗಾಲಿನ ಹಿಮ್ಮಡಿ ಒಂದು ಕಡೆಗೆ ಸವೆದಿತ್ತು. ಈಗ ಅಡಿ ಶುಭ್ರವಾಗಿತ್ತು. ಧೂಳು ಮೇಲೆ ಕೂತಿತ್ತು, ಬೆರಳು ತೂರಿಸುವ ಜಾಗದಲ್ಲಿ ಜೇಡ ಸಣ್ಣದೊಂದು ಬಲೆ ಕಟ್ಟಿತ್ತು. ದೊಡ್ಡ ಮನೆ ಕೊಟ್ಟೆವು ಅಂದುಕೊಂಡಿದ್ದೆವು. ಅವಳಿಂದ ಬೀದಿಯನ್ನು ಕಿತ್ತುಕೊಂಡಿದ್ದೆವು.

ಅದಕ್ಕೇ ನಿಮ್ಮ ಹೊಸ ಮನೆಯಲ್ಲಿ ನಾನು ಕೋಣೆ ಎಣಿಸುವುದಿಲ್ಲ, ಬಾಗಿಲಿನಿಂದ ಹೆಜ್ಜೆ ಎಣಿಸುತ್ತೇನೆ. ಅಮೆರಿಕದ ಯೋಜಕ ಕ್ಲಾರೆನ್ಸ್ ಪೆರಿ 1929ರಲ್ಲಿ ಒಂದು ಬಡಾವಣೆ ಹೇಗಿರಬೇಕು ಎಂದು ನಕ್ಷೆ ಹಾಕಿಕೊಟ್ಟಿದ್ದರು. ನಡುವೆ ಶಾಲೆ, ಅಂಚಿನಲ್ಲಿ ಅಂಗಡಿಗಳು, ದೊಡ್ಡ ರಸ್ತೆಗಳು ಹೊರಗೆ. ಮಗು ದೊಡ್ಡ ರಸ್ತೆ ದಾಟದೆ ಶಾಲೆಗೆ ನಡೆದುಹೋಗಬೇಕು. ನಡುವಿನಿಂದ ಅಂಚಿಗೆ ಸುಮಾರು 400 ಮೀಟರ್, ಅಂದರೆ ಐದು ನಿಮಿಷದ ನಡಿಗೆ. ಸುಮಾರು ನೂರು ವರ್ಷ ಆದರೂ ಆ 400 ಮೀಟರ್ ಒಳ್ಳೆಯ ಅಳತೆಯೇ. ಮೊಣಕಾಲು ನೋವಿರುವ ಹಿರಿಯರೂ ನಡುವೆ ಒಮ್ಮೆ ಕೂತು ಸುಧಾರಿಸಿಕೊಂಡರೆ ಹೋಗಿಬರಬಹುದಾದ ದೂರ ಅದು.

ಮಗಳ ವಿಷಯದಲ್ಲಿ ಹೊರವಲಯಕ್ಕೇ ಹೆಚ್ಚು ಅಂಕ ಅಂತ ಎಲ್ಲರೂ ತಿಳಿಯುತ್ತಾರೆ. ಆಡಲು ಜಾಗ ಇದೆ ಅಲ್ವಾ ಅನ್ನುತ್ತಾರೆ. 8 ವರ್ಷಕ್ಕೆ ಸರಿ. 13 ಆದಾಗ ಅವಳಿಗೆ ಅಂಗಳ ಸಾಲುವುದಿಲ್ಲ. ಗೆಳತಿಯ ಮನೆ ಬೇಕು, ಆಟದ ಕ್ಲಬ್ ಬೇಕು, ಸಂಜೆಯ ತರಗತಿ ಬೇಕು. ಅಲ್ಲಿಗೆಲ್ಲ ತಾನೇ ಹೋಗಿಬರುವ ದಾರಿ ಇದ್ದರೆ ಧೈರ್ಯ ಕಲಿಯುತ್ತಾಳೆ. ಇಲ್ಲದಿದ್ದರೆ ಪ್ರತಿಯೊಂದಕ್ಕೂ ನಿಮ್ಮ ಕಾರಿಗೆ ಕಾಯುತ್ತಾಳೆ, ನೀವು ದಣಿದು ಬಂದ ಸಂಜೆ ಮತ್ತೆ ಡ್ರೈವರ್ ಆಗುತ್ತೀರಿ. ಎದುರಿನ ರಸ್ತೆಯಲ್ಲಿ ಗಾಡಿಗಳು ಎಷ್ಟು ವೇಗವಾಗಿ ಹೋಗುತ್ತವೆ ಅನ್ನೋದನ್ನೂ ನೋಡಿ. ನಡೆಯುವವರು, ಸೈಕಲ್ಲಿನವರು ಗಾಡಿಗಳ ಜೊತೆ ಬೆರೆಯುವ ಕಡೆ ಗರಿಷ್ಠ ವೇಗ ಗಂಟೆಗೆ 30 ಕಿ.ಮೀ. ಇರಲಿ ಎಂದು ರಸ್ತೆ ಸುರಕ್ಷತೆಯ ಬಗೆಗಿನ 2020ರ ಸ್ಟಾಕ್‌ಹೋಮ್ ಘೋಷಣೆ ಕೇಳಿಕೊಂಡಿದೆ. ಹೊರವಲಯದ ಅಗಲ ರಸ್ತೆ ನೋಡಲು ಚೆಂದ, ದಾಟಲು ಭಯ.

ಅಪ್ಪನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಬೇಸರ ಮಾಡಿಕೊಳ್ಳಬೇಡಿ. ಹೃದಯ ಏಕಾಏಕಿ ನಿಂತಾಗ ಎದೆ ಒತ್ತುವ ಚಿಕಿತ್ಸೆ, ಡಿಫಿಬ್ರಿಲೇಟರ್ ಎಂಬ ಯಂತ್ರ ಕೊಡುವ ವಿದ್ಯುತ್ ಶಾಕ್ ಎರಡೂ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಸುಮಾರು ಶೇ 7ರಿಂದ 10ರಷ್ಟು ಇಳಿಯುತ್ತದೆ. ಸ್ಟ್ರೋಕ್ ಆದಾಗ ರಕ್ತದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ಆಸ್ಪತ್ರೆ ಇದೆ ಅಂದರೆ ಸಾಲದು. ಹಗಲು ರಾತ್ರಿ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ ಎಷ್ಟು ದೂರ, ಸಂಜೆ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು, ಇದನ್ನು ತಿಳಿದುಕೊಳ್ಳಿ. ಮನೆಯವರೆಲ್ಲ ಎದೆ ಒತ್ತುವುದನ್ನು ಕಲಿಯಿರಿ. ಎಲ್ಲಿದ್ದರೂ ಕಲಿಯಿರಿ.

ಇನ್ನು, ಹೊರವಲಯ ಅಂದರೆ ಒಂದೇ ಥರ ಅಲ್ಲ. ಹೆದ್ದಾರಿ ಪಕ್ಕ ಹೊಲದ ನಡುವೆ ಎದ್ದ ಬಡಾವಣೆ ಬೇರೆ. ಮೊದಲು ತಾನೇ ಒಂದು ಚಿಕ್ಕ ಊರಾಗಿದ್ದು, ಆಮೇಲೆ ನಗರ ಬೆಳೆದು ತಲುಪಿದ ಜಾಗ ಬೇರೆ. ಎರಡನೆಯದಕ್ಕೆ ತನ್ನದೇ ಪೇಟೆ ಇರುತ್ತದೆ, ಹಳೇ ಶಾಲೆ ಇರುತ್ತದೆ, ಕೆಲವು ಕಡೆ ರೈಲು ನಿಲ್ದಾಣ ಇರುತ್ತದೆ. ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ ಮನೆ ಸಿಕ್ಕರೆ 60 ನಿಮಿಷದ ಪ್ರಯಾಣವೂ ಅಷ್ಟು ಭಾರ ಆಗುವುದಿಲ್ಲ. ರೈಲಿನಲ್ಲಿ ಓದಬಹುದು, ಕಣ್ಣು ಮುಚ್ಚಬಹುದು, ಹೊತ್ತು ಎಷ್ಟು ಹಿಡಿಯುತ್ತೆ ಅಂತ ಮೊದಲೇ ಗೊತ್ತಿರುತ್ತದೆ. ಇಂಥ ಜಾಗದಲ್ಲಿ ಬಾಡಿಗೆ ಸ್ವಲ್ಪ ಜಾಸ್ತಿ ಇದ್ದರೂ, ಮನೆ ಒಂದು ಕೋಣೆ ಕಮ್ಮಿ ಇದ್ದರೂ, ಹೆದ್ದಾರಿ ಪಕ್ಕದ ದೊಡ್ಡ ಮನೆಗಿಂತ ನಾನು ಇದನ್ನೇ ಆರಿಸುತ್ತೇನೆ. ನಾವು ಕೊನೆಗೆ ಹೋಗಿದ್ದೂ ಇಂಥದ್ದೇ ಕಡೆಗೆ.

ನೀವು ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರಾದರೆ ದೂರದ ಲೆಕ್ಕ ಹಗುರಾಗುತ್ತದೆ, ಒಪ್ಪುತ್ತೇನೆ. ಆದರೆ ಆಗ ನೀವೂ ಐದು ದಿನ ಅದೇ ನಾಲ್ಕು ಗೋಡೆಯ ನಡುವೆ ಇರುತ್ತೀರಿ. ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಎದ್ದಾಗ ನಡೆದುಹೋಗಲು ಎಲ್ಲಿಗಾದರೂ ಒಂದು ಜಾಗ ಇರಬೇಕು. ಮನೆಯಿಂದ ಕೆಲಸ ಮಾಡುವವರಿಗೆ ಅಕ್ಕಪಕ್ಕದ ಬೀದಿ ಇನ್ನೂ ಜಾಸ್ತಿ ಬೇಕು.

ಹಾಗಾದರೆ ಮಾಡುವುದೇನು? ಈಗಿನ ಮನೆಯ ಸುತ್ತ ಶಾಲೆ, ಅಂಗಡಿ, ಪಾರ್ಕು ಕಾಲ್ನಡಿಗೆಯಲ್ಲಿದ್ದು, ಅಲ್ಲಿ ಇವು ಯಾವುದೂ ಇಲ್ಲ ಅಂದರೆ ಇದ್ದಲ್ಲೇ ಇರಿ. ಬೇಡದ ಸಾಮಾನು ಖಾಲಿ ಮಾಡಿ, ಮಗಳಿಗೆ ಒಂದು ಮೂಲೆ ಮಾಡಿಕೊಡಿ. ಇವೆಲ್ಲ ಅಲ್ಲೂ ಸಿಗುತ್ತವೆ ಅಂದರೆ ಹೋಗಿ, ಆದರೆ ಮೊದಲ ವರ್ಷ ಬಾಡಿಗೆಗೇ ಇರಿ, ಕೊಳ್ಳಬೇಡಿ. ಬಾಡಿಗೆ ಕರಾರು ಮಾಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಆಫೀಸಿಗೆ ಹೊರಟು ನೋಡಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ರಾತ್ರಿ 10 ಗಂಟೆಗೆ ಆ ಬೀದಿಯಲ್ಲಿ ಒಂದು ಸುತ್ತು ಹಾಕಿ, ದೀಪ ಇದೆಯಾ ನೋಡಿ.

ಮನೆ ನೋಡಲು ಹೋಗುವ ದಿನ ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಹೋಗಿ. ಕಾರನ್ನು ಅಲ್ಲೇ ಬಿಟ್ಟು, "ಏನಾದ್ರೂ ಸಣ್ಣ ಸಾಮಾನು ತಗೊಂಡು ಬನ್ನಿ ಅಪ್ಪಾ" ಅಂತ ಇಬ್ಬರನ್ನೂ ಕಳಿಸಿ. ನೀವು ಇಪ್ಪತ್ತು ಹೆಜ್ಜೆ ಹಿಂದೆ ನಡೆಯಿರಿ. ದಾರಿ ಹೇಳಬೇಡಿ, ರಸ್ತೆ ದಾಟಿಸಲೇಬೇಕಾದ ಕಡೆ ಬಿಟ್ಟು ಕೈ ಹಿಡಿಯಬೇಡಿ. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿಂದ ಹಿಂದಿರುಗಿ ನಿಮ್ಮ ಮುಖ ನೋಡುತ್ತಾರೆ ಅನ್ನೋದನ್ನು ಗಮನಿಸಿ.