ನಾಲಗೆಗಿಂತ ಮೊದಲು ಕೈ ಮಾತಾಡುತ್ತದೆ

"ಮಗುವಿಗೆ ಕೈಸನ್ನೆ ಅಭ್ಯಾಸ ಮಾಡಿಸಬೇಡಿ, ಮತ್ತೆ ಅದು ಬಾಯಿಯೇ ಬಿಡುವುದಿಲ್ಲ." ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಈ ಮಾತು ಈಗಲೂ ಕೇಳುತ್ತದೆ. ಇದು ತಪ್ಪು. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಸನ್ನೆ ಕಲಿತ ಮಕ್ಕಳ ಮಾತು ಹಿಂದೆ ಬಿದ್ದದ್ದು ಕಂಡಿಲ್ಲ. ಹೀಗೆ ಹೆದರಿಸುವ ಹಿರಿಯರೇ ಮಗುವಿಗೆ ಟಾಟಾ ಮಾಡಲು, ದೇವರಿಗೆ ಕೈ ಮುಗಿಯಲು ಕಲಿಸುತ್ತಾರೆ. ಅವೂ ಸನ್ನೆಗಳೇ ಅಲ್ವಾ?

ಎಂಟು ತಿಂಗಳ ಮಗುವನ್ನು ಸುಮ್ನೆ ಗಮನಿಸಿ. "ಅಜ್ಜ ಎಲ್ಲಿ?" ಎಂದರೆ ಅಜ್ಜನ ಕಡೆ ತಿರುಗುತ್ತದೆ. ದಿನಬಳಕೆಯ ಕೆಲವು ಪದಗಳು 6ರಿಂದ 9 ತಿಂಗಳೊಳಗೇ ಅರ್ಥವಾಗತೊಡಗುತ್ತವೆ. ಮೊದಲ ಪದ ಬಾಯಿಗೆ ಬರುವುದು ಹೆಚ್ಚುಕಡಿಮೆ ಒಂದು ವರ್ಷಕ್ಕೆ. ನಡುವಿನ ತಿಂಗಳುಗಳಲ್ಲಿ ಹೇಳಬೇಕೆಂಬ ಆಸೆ ಉಂಟು, ದಾರಿ ಇಲ್ಲ. ಅಳುವೇ ಗತಿ.

ಒಂದು ಪದ ಹೇಳಲು ಉಸಿರು, ಗಂಟಲು, ದವಡೆ, ನಾಲಗೆ, ತುಟಿ ಎಲ್ಲವೂ ಹೊಂದಿಕೊಳ್ಳಬೇಕು. ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ಚೆಂಡೆ, ಮದ್ದಳೆ, ಚಕ್ರತಾಳ ಕೂಡಿಕೊಂಡ ಹಾಗೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದುಂಟು. ಮಗುವಿಗೆ ತನ್ನ ನಾಲಗೆ ಕಾಣುವುದಿಲ್ಲ. ಅಮ್ಮನ ನಾಲಗೆ ಬಾಯೊಳಗೆ ಎಲ್ಲಿ ತಾಗುತ್ತದೆ ಎಂಬುದೂ ಕಾಣುವುದಿಲ್ಲ. ಕೈ ಮಾತ್ರ ಕಣ್ಣೆದುರೇ ಇರುತ್ತದೆ. ಅಮ್ಮನ ಕೈ ನೋಡಿ, ತನ್ನ ಕೈ ನೋಡಿ, ಎರಡನ್ನೂ ಹೋಲಿಸಿ ಮಗು ತಿದ್ದಿಕೊಳ್ಳಬಹುದು. ನಾವೇ ಆ ಪುಟ್ಟ ಕೈ ಹಿಡಿದು ಆಕಾರ ತೋರಿಸಬಹುದು. ನಾಲಗೆಯನ್ನು ಹಾಗೆ ಹಿಡಿದು ಕೂರಿಸಲು ಆಗುತ್ತದೆಯೇ? ಅದಕ್ಕೇ ಕೈ ಮುಂದೆ ಹೋಗುತ್ತದೆ.

ಸನ್ನೆಯ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಎಂದು ನಿರ್ಣಯ ಮಾಡಿತು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿಹೋಯಿತು. ಅದೇ ಸಮ್ಮೇಳನ ಆ ನಿರ್ಣಯವನ್ನು ತಳ್ಳಿಹಾಕಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ಇದರ ನಡುವೆ, 1991ರಲ್ಲಿ, ಸಂಶೋಧಕರಾದ ಲಾರಾ ಪೆಟಿಟ್ಟೊ ಮತ್ತು ಪೌಲಾ ಮಾರೆಂಟೆಟ್ ಒಂದು ಸೊಗಸಾದ ಸಂಗತಿ ತೋರಿಸಿಕೊಟ್ಟರು. ಸಂಕೇತ ಭಾಷೆ ಆಡುವ ಮನೆಯ ಕಿವುಡ ಶಿಶುಗಳು ಕೈಯಲ್ಲೇ ತೊದಲುತ್ತವೆ! ನಮ್ಮ ಮಕ್ಕಳು "ಬಬಬಬ" ಎನ್ನುವಂತೆ ಬೆರಳುಗಳ ಆಕಾರವನ್ನು ಮತ್ತೆ ಮತ್ತೆ ಮಾಡುತ್ತವೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಅಕ್ರೆಡೋಲೊ ಅವರ ಪುಟ್ಟ ಮಗಳು ಹೂ ಕಂಡರೆ ಮೂಸುವಂತೆ ಮೂಗೆಳೆಯುತ್ತಿದ್ದಳು. ಅದನ್ನೇ ಹಿಡಿದು ಅವರೂ ಸೂಸನ್ ಗುಡ್ವಿನ್ ಅವರೂ 1980ರ ದಶಕದಲ್ಲಿ ಅಧ್ಯಯನ ಶುರುಮಾಡಿದರು. ಆಮೇಲೆ ಶಿಶುಗಳಿಗೆ ಸನ್ನೆ ಕಲಿಸುವ ವ್ಯಾಪಾರ ಬೆಳೆಯಿತು, ಸನ್ನೆ ಕಲಿತರೆ ಬುದ್ಧಿ ಜಾಸ್ತಿ ಎಂಬ ಪ್ರಚಾರವೂ ಬಂತು. ಅದನ್ನು ನಂಬಬೇಡಿ. 2013ರಲ್ಲಿ ಬ್ರಿಟನ್ನಿನಲ್ಲಿ 40 ಶಿಶುಗಳನ್ನು ನೋಡಿದ ಎಲಿಜಬೆತ್ ಕರ್ಕ್ ತಂಡಕ್ಕೆ, ಸನ್ನೆಯಿಂದ ಮಾತು ಬೇಗ ಬಂದದ್ದೇನೂ ಕಾಣಲಿಲ್ಲ. ಕಂಡದ್ದು ಇನ್ನೊಂದು: ಸನ್ನೆ ಮಾಡುವ ತಾಯಂದಿರು ಮಗುವಿನ ಮಾತಿಲ್ಲದ ಸೂಚನೆಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದರು. ನನಗೆ ಅಷ್ಟೇ ಸಾಕು.

ನಮ್ಮ ಕಾಸರಗೋಡಿನ ಮನೆಗಳಲ್ಲಿ ಇದಕ್ಕೆ ಇನ್ನೊಂದು ಉಪಯೋಗ. ಅಮ್ಮನದು ಕನ್ನಡ, ಅಜ್ಜಿಯದು ತುಳು, ಅಂಗನವಾಡಿಯಲ್ಲಿ ಮಲಯಾಳ. ಹಾಲು ಬೇಕೆಂದು ಮುಷ್ಟಿ ಹಿಸುಕಿ ಬಿಡುವ ಸನ್ನೆ ಮೂವರಿಗೂ ಒಂದೇ. ಸನ್ನೆಯ ಜೊತೆ ಪದವನ್ನೂ ಹೇಳುತ್ತಿರಬೇಕು, ಅಷ್ಟೆ. ಹಲವು ಭಾಷೆಯಿಂದ ಮಾತು ತಡ ಎಂಬುದೂ ಸುಳ್ಳು.

ನಿಜವಾಗಿ ತಡವಾದರೆ ಬಜೆಯನ್ನು ಜೇನಿನಲ್ಲಿ ತೇಯ್ದು ನಾಲಗೆಗೆ ಹಚ್ಚುತ್ತಾ ಕೂರಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡವೇ ಬೇಡ, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕಿವಿ ತಪಾಸಣೆ ಮಾಡಿಸಿ. ಸಾವಿರ ಶಿಶುಗಳಲ್ಲಿ ಒಂದರಿಂದ ಮೂರಕ್ಕೆ ಹುಟ್ಟಿನಿಂದಲೇ ಕೇಳಿಸುವ ತೊಂದರೆ ಇರುತ್ತದೆ. ಹುಟ್ಟಿದ ಮೊದಲ ತಿಂಗಳಲ್ಲೇ ಇದನ್ನು ಪರೀಕ್ಷಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಇದೆ. ತೊಂದರೆ ಇದೆ ಎಂದು ಗೊತ್ತಾದರೆ ಶ್ರವಣ ಸಾಧನದ ಜೊತೆಗೆ ಮನೆಯವರೆಲ್ಲ ಭಾರತೀಯ ಸಂಕೇತ ಭಾಷೆ ಕಲಿಯಲು ತೊಡಗಬಹುದು. ದೆಹಲಿಯಲ್ಲಿ 2015ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಅದರ 10,000 ಪದಗಳ ನಿಘಂಟನ್ನು 2021ರಲ್ಲಿ ಹೊರತಂದಿದೆ.