ಬಾಟಲಿ ತುಂಬಿದ್ದು ತುಂಬಿದಂಗ ವಾಪಸ್ ಬರತೈತ್ರಿ ಅಕ್ಕೋರ

“ಮಗಳು ಎರಡನೆತ್ತ ಓದ್ತಾಳ್ರಿ. ಮುಂಜಾನೆ ತುಂಬಿ ಕೊಟ್ಟ ನೀರು ಸಂಜಿಗೆ ಹಂಗ ವಾಪಸ್ ಬರತೈತಿ. ಮನಿಗೆ ಬಂದಕೂಡ್ಲೆ ಪಾಟಿಚೀಲ ಒಗದು ಬಚ್ಚಲಕ್ಕ ಓಡ್ತಾಳ. ಏನ್ ಮಾಡೋದ್ರಿ?”

ಗದಗದಲ್ಲಿ ಪ್ರತಿ ಜೂನ್‌ನಲ್ಲೂ ಈ ಪ್ರಶ್ನೆ ಬರುತ್ತದೆ, ಬಿಸಿಲು ಏರಿದಾಗ ಮತ್ತೆ ಬರುತ್ತದೆ. ನನ್ನ ಉತ್ತರವೂ ಅದೇ. ಮಗುವಿಗೆ ನೀರಡಿಕೆ ಆಗುತ್ತದೆ, ಆದರೆ ಕುಡಿದರೆ ಶಾಲೆಯ ಶೌಚಾಲಯಕ್ಕೆ ಹೋಗಬೇಕಲ್ಲ! ಚಿಲಕ ಬೀಳುವುದಿಲ್ಲ, ನಲ್ಲಿಯಲ್ಲಿ ನೀರಿಲ್ಲ, ದೊಡ್ಡ ಹುಡುಗಿಯರು ಬಾಗಿಲು ತಳ್ಳುತ್ತಾರೆ. ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. “ನೀರು ಯಾಕ ಕುಡೀಲಿಲ್ಲ” ಎಂದು ಗದರಬೇಡಿ. “ಒಂದಕ್ಕ ಎಲ್ಲಿ ಹೋಗ್ತೀ, ಅಲ್ಲಿ ಹೆಂಗೈತಿ” ಎಂದು ಕೇಳಿ, ಎಲ್ಲಾ ಹೇಳುತ್ತಾಳೆ.

ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. “ಸಾಲಿಗೆ ಹೋಗೂಮುಂದ ನೀರು ಕುಡಿಸಬಾರದು, ತಡಕೊಳ್ಳೋದು ರೂಢಿ ಆಗಲಿ.” ಅಜ್ಜಿಯರು ಹೇಳುತ್ತಾರೆ, ಡಿಗ್ರಿ ಓದಿದ ಅಪ್ಪಂದಿರು ಹೇಳುತ್ತಾರೆ, ಶಿಕ್ಷಕರೂ ಹೇಳುತ್ತಾರೆ. ಎಷ್ಟು ವರ್ಷ ತಿದ್ದಿದರೂ ಹೋಗದ ಮಾತು ಇದು.

ಲೆಕ್ಕ ಹಾಕಿ. ಮಗುವಿನ ವಯಸ್ಸಿಗೆ 2 ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶದಲ್ಲಿ ಹಿಡಿಯುವಷ್ಟು ಮಿಲಿಲೀಟರ್ ಸಿಗುತ್ತದೆ. 6 ವರ್ಷದವರಿಗೆ 240, ಅಂದರೆ ಒಂದು ದೊಡ್ಡ ಲೋಟ. ಅದನ್ನು ಹತ್ತರಿಂದ ನಾಲ್ಕರವರೆಗೆ ತಡೆಯುವುದು ಹೇಗೆ? ತಡೆದರೆ ಮೂತ್ರಕೋಶ ಗಟ್ಟಿಯಾಗುತ್ತದೆ ಎನ್ನುವುದು ಸುಳ್ಳು. ಪೂರ್ತಿ ಖಾಲಿ ಮಾಡುವ ರೂಢಿ ತಪ್ಪುತ್ತದೆ, ಉಳಿದ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ ಇರುವುದರಿಂದ ಅವರಿಗೇ ಹೆಚ್ಚು. ನೀರು ಕಡಿಮೆಯಾದರೆ ಮಲ ಗಟ್ಟಿಯಾಗಿ ಮೂತ್ರಕೋಶವನ್ನು ಒತ್ತುತ್ತದೆ, ಆಗ ಮಗು ಕೂತಲ್ಲೇ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ. ಯಾವ ಅವಮಾನಕ್ಕೆ ಹೆದರಿ ನೀರು ಬಿಡಿಸಿದಿರೋ ಅದೇ ಬರುತ್ತದೆ. ಕಾಲು ಕತ್ತರಿ ಹಾಕಿ ನಿಲ್ಲುವ, ಹಿಮ್ಮಡಿ ಒತ್ತಿ ಕೂರುವ ಮಗುವನ್ನು ನೋಡಿದರೆ ತಡೆದಿದೆ ಎಂದೇ ತಿಳಿಯಿರಿ. ಉರಿಯುತ್ತದೆ ಎಂದರೆ, ಜ್ವರ ಬಂದರೆ, ತಡಮಾಡದೆ ಡಾಕ್ಟರಿಗೆ ತೋರಿಸಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ “ಈಗರ ಹೋಗಿ ಬಂದೀಯಲ್ಲ, ಕುಂದ್ರು” ಎಂದು ನಾನೂ ಒಂದು ಹುಡುಗಿಗೆ ಹೇಳಿದ್ದೆ. ಅವಳು ಕೂತ ಜಾಗ ಒದ್ದೆಯಾಯಿತು. ಅವಳ ಮುಖ ನನಗೆ ಇವತ್ತಿಗೂ ನೆನಪಿದೆ. ಅಂದಿನಿಂದ ನನ್ನ ತರಗತಿಯ ಬಾಗಿಲ ಪಕ್ಕದ ಮೊಳೆಗೆ ಎರಡು ಕಟ್ಟಿಗೆ ಚೀಟಿ ತೂಗುತ್ತವೆ. ಹೋಗಬೇಕಾದವರು ಒಂದನ್ನು ಹಿಡಿದುಕೊಂಡು ಹೋಗಬೇಕು, ನನ್ನನ್ನು ಕೇಳಬೇಕಿಲ್ಲ. ಮೊದಲ ವಾರ ಗದ್ದಲ, ಆಮೇಲೆ ಯಾರೂ ಸುಮ್ಮನೆ ಎದ್ದು ಹೋಗುವುದಿಲ್ಲ.

ಶೌಚಾಲಯದ ಚಿಲಕಕ್ಕೆ ಯಾರನ್ನು ಕೇಳಬೇಕು? ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಸುರಕ್ಷಿತ ಕುಡಿಯುವ ನೀರು ಇರಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಮುಕ್ಕಾಲು ಪಾಲು ಕೂರುವವರು ನೀವೇ, ತಂದೆ-ತಾಯಿಗಳು. ಸಭೆಗೆ ಬನ್ನಿ, ಒಂದು ಚಿಲಕದ ಮಾತು ಎತ್ತಿ.

ಇನ್ನೊಂದು ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಬಾಟಲಿಗೆ ತುಂಬುವುದು ಯಾವ ನೀರು? ಮುಂಡರಗಿ, ರೋಣ ಕಡೆಯ ಎಷ್ಟೋ ಊರಿನ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಸುಮಾರು 8 ವರ್ಷದ ತನಕ ಕಾಯಂ ಹಲ್ಲುಗಳು ಒಳಗೇ ರೂಪುಗೊಳ್ಳುತ್ತಿರುತ್ತವೆ, ಆಗ ಕುಡಿದ ನೀರಿನ ಕಲೆ ಮುಂದೆ ಉಜ್ಜಿದರೂ ಹೋಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕೊಡದ ನೀರನ್ನೇ ಬಾಟಲಿಗೂ ಹಾಕಿ.

ನಾಳೆ ಕಳಿಸುವ ಮುಂಚೆ ಆ ಬಾಟಲಿಯನ್ನು ಮಗಳ ಕೈಗೆ ಕೊಟ್ಟು ಮುಚ್ಚಳ ತೆಗೆಯಲು ಹೇಳಿ. ಅವಳಿಗೆ ತೆಗೆಯಲು ಬರದಿದ್ದರೆ ಮೊದಲು ಬಾಟಲಿ ಬದಲಿಸಿ.