ಪವರ್ಡ್ ಯುಎಸ್‌ಬಿ ಹಬ್: ಪೋರ್ಟ್ ಎಣಿಸುವ ಮೊದಲು ಅಡಾಪ್ಟರ್ ಓದಿ

ಪ್ರಶ್ನೆ: ಮನೆಯ ಕಂಪ್ಯೂಟರಿಗೆ ಏಳು ಪೋರ್ಟಿನ ಯುಎಸ್‌ಬಿ ಹಬ್ ಹಾಕಿದ್ದೇನೆ. ಕೀಬೋರ್ಡ್, ಮೌಸ್, ಪ್ರಿಂಟರ್ ಸರಿಯಾಗಿ ನಡೆಯುತ್ತವೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಮಾತ್ರ ಟಿಕ್ ಟಿಕ್ ಸದ್ದು ಬರುತ್ತದೆ, ಫೈಲ್ ಕಾಪಿಯಾಗುತ್ತಿರುವಾಗಲೇ ಡಿಸ್ಕ್ ಮಾಯವಾಗುತ್ತದೆ. ಅಡಾಪ್ಟರ್ ಇರುವ ಪವರ್ಡ್ ಹಬ್ ತಗೊಳ್ಳಿ ಅಂತಾರೆ. ಒಳ್ಳೆಯದು ಯಾವುದೆಂದು ಗುರುತಿಸುವುದು ಹೇಗೆ?

ಉತ್ತರ: ಮೊದಲು ಆ ಡಿಸ್ಕನ್ನು ಹಬ್ಬಿನಿಂದ ತೆಗೆದು ನೇರವಾಗಿ ಕಂಪ್ಯೂಟರಿಗೆ, ಅದೂ ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ. ಅಲ್ಲಿ ತಕರಾರಿಲ್ಲದೆ ನಡೆದರೆ ಡಿಸ್ಕ್ ಬಹುಮಟ್ಟಿಗೆ ಚೆನ್ನಾಗಿಯೇ ಇದೆ, ಅದಕ್ಕೆ ಕರೆಂಟ್ ಸಾಲುತ್ತಿಲ್ಲ ಅಷ್ಟೇ. ಹೊಸ ಹಬ್ ಬರುವ ತನಕ ಅಲ್ಲೇ ಇರಲಿ. ಬರೆಯುವ ನಡುವೆ ಪದೇ ಪದೇ ಕಳಚಿಕೊಂಡರೆ ಫೈಲುಗಳು ಕೆಡುತ್ತವೆ.

ಕಂಪ್ಯೂಟರಿನ ಒಂದು ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, 3.0 ಆದರೆ 900. ಅಡಾಪ್ಟರ್ ಇಲ್ಲದ ಹಬ್ ಇಷ್ಟನ್ನೇ ಎಲ್ಲರಿಗೂ ಹಂಚಬೇಕು. ಕೀಬೋರ್ಡ್, ಮೌಸ್ ಅಲ್ಪತೃಪ್ತರು. ಪ್ರಿಂಟರಿಗೆ ತನ್ನದೇ ಕರೆಂಟಿದೆ. ಆದರೆ ಪೋರ್ಟಬಲ್ ಡಿಸ್ಕಿನೊಳಗಿನ ತಟ್ಟೆ ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡು ಅದೊಂದೇ 1 ಆಂಪಿನ ಹತ್ತಿರ ಎಳೆಯಬಹುದು. ವೋಲ್ಟೇಜ್ ಕುಸಿಯುತ್ತದೆ, ತಟ್ಟೆ ತಿರುಗಲಾರದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಿಮಗೆ ಕೇಳುತ್ತಿರುವ ಟಿಕ್ ಟಿಕ್ ಬಹುಶಃ ಅದೇ.

ಹಾಗಾದರೆ ಅಡಾಪ್ಟರ್ ಇರುವುದನ್ನು ತಂದರೆ ಮುಗಿಯಿತೇ? ಇಲ್ಲಿಯೇ ನಾನೂ ಮೋಸಹೋಗಿದ್ದೆ. ಏಳು ಪೋರ್ಟಿನ ಹಬ್ ತಂದು ಜೋಡಿಸಿದ ಮೇಲೆ ಅಡಾಪ್ಟರಿನ ಮೇಲಿನ ಸಣ್ಣಕ್ಷರ ಓದಿದೆ: 5 ವೋಲ್ಟ್, 2 ಆಂಪ್. ಅಂದರೆ 10 ವ್ಯಾಟ್. ಏಳೂ ಪೋರ್ಟಿಗೆ 900 ಮಿಲಿಆಂಪ್ ಕೊಡಬೇಕಾದರೆ 31.5 ವ್ಯಾಟ್ ಬೇಕು! ಎರಡು ಡಿಸ್ಕ್ ಹಾಕುವಷ್ಟರಲ್ಲಿ ಅದು ಸುಸ್ತಾಯಿತು. ಆಗಿನಿಂದ ನಾನು ಮೊದಲು ನೋಡುವುದು ಅಡಾಪ್ಟರಿನ ಔಟ್‌ಪುಟ್ ಸಾಲನ್ನು. ವೋಲ್ಟನ್ನು ಆಂಪಿನಿಂದ ಗುಣಿಸಿ. 12 ವೋಲ್ಟ್ 3 ಆಂಪ್ ಎಂದಿದ್ದರೆ 36 ವ್ಯಾಟ್. ಹಬ್ಬಿನ ಒಳಗೆ ಅದು 5 ವೋಲ್ಟಿಗೆ ಇಳಿಯುವಾಗ ಸ್ವಲ್ಪ ಸೋರಿದರೂ ಏಳು ಪೋರ್ಟಿಗೆ ನೆಮ್ಮದಿ. ಆ ಸಂಖ್ಯೆಯನ್ನೇ ಎಲ್ಲೂ ಹೇಳದ ಹಬ್ ನನಗಂತೂ ಬೇಡ.

ಹಬ್ಬಿಗೆ ಸ್ವಂತ ಕರೆಂಟಿದೆಯೇ ಎಂಬ ಬಗ್ಗೆ ಕಂಪ್ಯೂಟರಿನ ಮಾತನ್ನು ಪೂರ್ತಿ ನಂಬಬೇಡಿ. ಹಬ್ ‘ನನಗೆ ಸ್ವಂತ ಕರೆಂಟಿದೆ’ ಎಂದರೆ ಕಂಪ್ಯೂಟರ್ ಹಾಗೆಂದೇ ಬರೆದುಕೊಳ್ಳುತ್ತದೆ, ಅಳೆದು ನೋಡುವುದಿಲ್ಲ. ಅಡಾಪ್ಟರ್ ಸಿಕ್ಕಿಸದೇ ಇದ್ದಾಗಲೂ ಹೀಗೆ ಸುಳ್ಳು ಹೇಳುವ ಅಗ್ಗದ ಹಬ್ಬುಗಳಿವೆ.

ಇನ್ನೊಂದು ದೋಷ ಕಣ್ಣಿಗೆ ಬೇಗ ಬೀಳುವುದಿಲ್ಲ. ಹಬ್ಬಿನ ಕರೆಂಟ್ ಅದಕ್ಕೆ ಸಿಕ್ಕಿಸಿದ ಸಾಧನಗಳಿಗೆ ಮಾತ್ರ ಹೋಗಬೇಕು. ಕೆಲವು ಹಬ್ಬುಗಳಲ್ಲಿ ಅದು ಕೇಬಲ್ಲಿನ ಮೂಲಕ ಕಂಪ್ಯೂಟರಿನೊಳಕ್ಕೂ ನುಗ್ಗುತ್ತದೆ. ಪರೀಕ್ಷೆ ಸುಲಭ. ಡೆಸ್ಕ್‌ಟಾಪನ್ನು ಶಟ್‌ಡೌನ್ ಮಾಡಿ ಗೋಡೆಯ ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಡಿ. ಹಬ್ಬಿನ ಅಡಾಪ್ಟರ್ ಮಾತ್ರ ಚಾಲೂ ಇರಲಿ. ಆಗಲೂ ಕಂಪ್ಯೂಟರಿನಲ್ಲಿ ಯಾವುದಾದರೂ ದೀಪ ಮಿಣುಕುತ್ತಿದ್ದರೆ ಆ ಹಬ್ಬನ್ನು ಅಂಗಡಿಗೇ ಮರಳಿಸಿ.

ವೇಗದ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಅಡಾಪ್ಟರ್ ಕರೆಂಟ್ ಕೊಡುತ್ತದೆಯೇ ಹೊರತು ವೇಗವನ್ನಲ್ಲ. ಯುಎಸ್‌ಬಿ 3.0 ಹಬ್ಬಿನಿಂದ ಕಂಪ್ಯೂಟರಿಗೆ ಹೋಗುವ ಒಂದೇ ಕೇಬಲ್ಲಿನ ಸೆಕೆಂಡಿಗೆ 5 ಗಿಗಾಬಿಟ್ ಎಲ್ಲರಿಗೂ ಪಾಲಾಗುತ್ತದೆ. ಆ ಕೇಬಲ್ ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಮಿಂಚಿನ ಗುರುತಿನ ಪೋರ್ಟುಗಳಲ್ಲಿ ಕೆಲವು ಬರೀ ಚಾರ್ಜಿಂಗಿಗೆ. ಡಿಸ್ಕ್ ಅಲ್ಲಿ ಕಾಣಿಸುವುದೇ ಇಲ್ಲ.

ನಿಮ್ಮ ಮೌಸ್ ವೈರ್‌ಲೆಸ್ಸಾಗಿದ್ದರೆ ಇನ್ನೊಂದು ಮಾತು. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ, ಅಂದರೆ ಇಂಥ ಮೌಸುಗಳು ಸಾಮಾನ್ಯವಾಗಿ ಬಳಸುವ ತರಂಗಗಳ ಆಸುಪಾಸಿನಲ್ಲೇ, ರೇಡಿಯೊ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿತ್ತು. ಮೌಸಿನ ರಿಸೀವರ್ ಡಿಸ್ಕಿನ ಪಕ್ಕದಲ್ಲೇ ಇದ್ದರೆ ಕಾಪಿ ಶುರುವಾದೊಡನೆ ಬಾಣ ತಡವರಿಸಬಹುದು. ಹೊಸ ಹಬ್ ಬಂದ ಮೇಲೂ ಆ ರಿಸೀವರನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿನಲ್ಲೇ ಇಟ್ಟುಕೊಳ್ಳಿ.